ಖರ್ಜೂರದ ಬುಡದಲ್ಲಿ ಕಂದು ಅಂಟು ಸೋರುತ್ತಿದೆ, ಮರ ಕಡಿಯಬೇಕಾ?

ಪ್ರಶ್ನೆ: ಸರ್, ನಮ್ಮದು ಹಿರಿಯೂರು ತಾಲ್ಲೂಕು. ಮೂರು ಎಕರೆಯಲ್ಲಿ ಬರ್ಹಿ ತಳಿಯ ಖರ್ಜೂರ ಹಾಕಿ 7 ವರ್ಷ ಆಯ್ತು. ಅಂಗಾಂಶ ಕೃಷಿಯ ಸಸಿ, ಸುಮಾರು 180 ಮರ ಇವೆ. ಪಕ್ಕದಲ್ಲೇ ಹಳೇ ತೆಂಗಿನ ತೋಟ ಇದೆ. ಈ ವರ್ಷ ಜೂನ್‌ನಲ್ಲಿ ಬುಡದ ಮರಿ ಗಿಡಗಳನ್ನು ಹಾರೆ ಹಾಕಿ ಕೀಳಿಸಿದೆವು. ಅದರಲ್ಲಿ 60 ಮರಿ ನನ್ನ ಭಾಮೈದನ ತೋಟಕ್ಕೆ ಕೊಟ್ಟೆ. ಈಗ ಅಕ್ಟೋಬರ್‌ನಲ್ಲಿ ನೋಡಿದರೆ ನಾಲ್ಕು ಮರದ ಬುಡದಿಂದ ಕಂದು ಬಣ್ಣದ ಅಂಟು ಸೋರುತ್ತಿದೆ, ಹುಳಿ ವಾಸನೆ ಬರುತ್ತೆ. ಅದರಲ್ಲಿ ಒಂದು ಮರದ ಒಂದು ಪಕ್ಕದ ಗರಿಗಳು ಒಣಗಿವೆ. ರಾತ್ರಿ ಕಿವಿ ಇಟ್ಟರೆ ಒಳಗಿನಿಂದ ಕರಕರ ಸದ್ದು. ಇನ್ನೂ ಕೆಲವು ಮರಗಳಲ್ಲಿ ಗರಿಗಳು ಕತ್ತರಿ ಹಾಕಿದ ಹಾಗೆ ಆಗಿವೆ. ಪಕ್ಕದ ಹೊಲದವರು ಕಾಳಿಗೆ ಇಡುವ ವಿಷದ ಮಾತ್ರೆ ತೂರಿಸಿ ಸಿಮೆಂಟ್ ಮೆತ್ತಿ ಅಂತಾರೆ. ಶಾರ್ಜಾದಲ್ಲಿರುವ ತಮ್ಮ ಫೋನ್ ಮಾಡಿ, ಅದು ಗಲ್ಫ್‌ನಿಂದ ಸಸಿ ಜೊತೆ ಬಂದ ಹುಳು, ನಾಲ್ಕೂ ಮರ ಕಡಿದು ಸುಡು ಅಂತಾನೆ. ಅಂಗಡಿಯವರು ಸುಳಿಗೆ ಹೊಡೆಯಲು ಒಂದು ಔಷಧಿ ಕೊಟ್ಟಿದ್ದಾರೆ. ಔಷಧಿ ಹಾಕಿದರೆ ಮುಂದಿನ ವರ್ಷದ ಹಣ್ಣು ತಿನ್ನಬಹುದಾ? ಯಾರ ಮಾತು ಕೇಳಲಿ?

ಉತ್ತರ: ಮೊದಲು ಒಂದು ಮಾತು. ಇದನ್ನು ಪೂರ್ತಿ ಓದುವ ತನಕ ಮಚ್ಚು ಎತ್ತಬೇಡಿ, ಮಾತ್ರೆಯನ್ನಂತೂ ಮುಟ್ಟಲೇಬೇಡಿ.

ನಿಮ್ಮ ಪತ್ರದಲ್ಲಿ ಕಾಣುವ ಚಿಂತೆ ನಾಲ್ಕು ಮರದ್ದು. ಏಳು ವರ್ಷ ಮಕ್ಕಳ ಹಾಗೆ ಸಾಕಿದ ಮರ, ಕಾಯಿಗೆ ಬಂದ ಮರ, ಹೊಟ್ಟೆ ಉರಿಯುವುದು ಸಹಜ. ಆದರೆ ನನಗೆ ಜಾಸ್ತಿ ಚಿಂತೆ ಆಗಿರುವುದು ಉಳಿದ 176 ಮರಗಳದ್ದು. ನೀವು ಅಷ್ಟಾಗಿ ಗಮನಿಸದ ಆ 60 ಮರಿ ಗಿಡಗಳದ್ದೂ ಹೌದು. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಹೇಳಿದ ಲಕ್ಷಣಗಳು ಕೆಂಪು ಮೂತಿ ಹುಳುವಿನವು. ಬುಡದಲ್ಲಿ ಅಂಟು, ಹುಳಿ ಹೆಂಡದಂಥ ವಾಸನೆ, ತೂತಿನಿಂದ ಹೊರಗೆ ಬರುವ ಜಗಿದ ನಾರು, ಕರಕರ ಸದ್ದು, ಇಷ್ಟೂ ಒಟ್ಟಿಗೆ ಇದ್ದರೆ ಬೇರೆ ಹುಳುವಿನ ಹೆಸರು ಹೇಳುವ ಹಾಗಿಲ್ಲ. ಇಷ್ಟು ವರ್ಷದಲ್ಲಿ ಇಂಥ ಎಷ್ಟೋ ಬುಡ ಬಿಡಿಸಿ ನೋಡಿದ್ದೇನೆ. ಹೊರಗೆ ಒಂದು ರೂಪಾಯಿ ನಾಣ್ಯದಷ್ಟು ಒದ್ದೆ ಕಲೆ ಇರುತ್ತೆ. ಉಳಿಯಿಂದ ಸಿಪ್ಪೆ ಎಬ್ಬಿಸಿದರೆ ಒಳಗೆ ಬೆರಳು ಹೋಗುವಷ್ಟು ಸುರಂಗ, ಅದರ ತುಂಬ ಒದ್ದೆ ಹಿಂಡಿಯ ಹಾಗೆ ಜಗಿದ ನಾರು. ಮುಟ್ಟಿದರೆ ಬೆಚ್ಚಗಿರುತ್ತೆ. ಅದರ ಮಧ್ಯೆ ಹೆಬ್ಬೆರಳು ಗಾತ್ರದ, ಹಾಲುಬಿಳುಪಿನ, ಕಂದು ತಲೆಯ ಹುಳು. ಅಂಗೈ ಮೇಲೆ ಇಟ್ಟುಕೊಳ್ಳಿ. ಕಾಲೇ ಇಲ್ಲ. ಹೊಟ್ಟೆ ಉಬ್ಬಿಸಿ ಉರುಳಾಡುತ್ತೆ, ನಡೆಯೋಕೆ ಬರಲ್ಲ. ಈ ಒಂದು ಗುರುತು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ.

ಕತ್ತರಿ ಹಾಕಿದ ಹಾಗಿರುವ ಗರಿಗಳು ಇದರ ಕೆಲಸ ಅಲ್ಲ. ಅದು ಕುರುವಾಯಿ ದುಂಬಿ, ತೆಂಗಿನವರಿಗೆಲ್ಲ ಗೊತ್ತಿರುವ, ತಲೆ ಮೇಲೆ ಕೊಂಬಿರುವ ಕಪ್ಪು ದುಂಬಿ. ಅದು ಬಿಚ್ಚದ ಸುಳಿಯನ್ನು ಕೊರೆದು ತಿನ್ನುತ್ತೆ. ಆ ಗರಿ ಬಿಚ್ಚಿಕೊಂಡಾಗ ಎರಡೂ ಕಡೆ ತ್ರಿಕೋನವಾಗಿ ಕತ್ತರಿಸಿದ ಹಾಗೆ ಕಾಣುತ್ತೆ. ಅದರ ಮರಿಗಳು ಮರದೊಳಗೆ ಬೆಳೆಯಲ್ಲ, ತಿಪ್ಪೆಯಲ್ಲಿ ಬೆಳೆಯುತ್ತವೆ. ಗೊಬ್ಬರ ಎತ್ತುವಾಗ ಸಿಗುವ, ಅರ್ಧಚಂದ್ರದ ಹಾಗೆ ಮುದುರಿಕೊಳ್ಳುವ ಗೊಣ್ಣೆಹುಳು ನೋಡಿದ್ದೀರಲ್ವಾ? ಅದಕ್ಕೆ ಎದೆಯ ಹತ್ತಿರ ಆರು ಕಾಲು ಇರುತ್ತವೆ. ಎಷ್ಟೋ ರೈತರು ಈ ಎರಡನ್ನೂ ಒಂದೇ ಅಂದುಕೊಂಡು ತಿಪ್ಪೆಗೆ ಔಷಧಿ ಸುರಿದು, ಬುಡದಲ್ಲಿರುವುದನ್ನು ಮರೆತುಬಿಡುತ್ತಾರೆ. ಆದರೆ ಎರಡಕ್ಕೂ ಒಂದು ನಂಟಿದೆ. ಕುರುವಾಯಿ ಕೊರೆದ ಗಾಯದ ವಾಸನೆ ಹಿಡಿದು ಮೂತಿ ಹುಳು ಬರುತ್ತೆ. ಹಾಗಾಗಿ ಕುರುವಾಯಿಯನ್ನು ಸಣ್ಣದು ಅಂತ ಬಿಡುವ ಹಾಗಿಲ್ಲ.

ಈಗ ನಿಮ್ಮ ತಮ್ಮನ ಮಾತು. ಅವರು ಅಲ್ಲಿ ಕಣ್ಣಾರೆ ಕಂಡ ನಷ್ಟದ ಮೇಲೆ ಹೇಳುತ್ತಿದ್ದಾರೆ, ಆ ಭಯ ಸುಳ್ಳಲ್ಲ. ಆದರೆ ಹುಳು ಬಂದ ದಾರಿ ಉಲ್ಟಾ. ಕೆಂಪು ಮೂತಿ ಹುಳುವಿನ ತವರು ನಮ್ಮದೇ ದಕ್ಷಿಣ ಏಷ್ಯಾ ಮತ್ತು ಅದರ ಪೂರ್ವದ ನಾಡುಗಳು. ಭಾರತದಲ್ಲಿ ತೆಂಗಿಗೆ ಇದರ ಕಾಟ 1906ರಲ್ಲೇ ದಾಖಲಾಗಿದೆ, ಖರ್ಜೂರಕ್ಕೆ ಬಿದ್ದದ್ದು 1917ರಲ್ಲಿ ಪಂಜಾಬ್‌ನಲ್ಲಿ ದಾಖಲಾಯಿತು. ಗಲ್ಫ್‌ಗೆ ಅದು ಕಾಲಿಟ್ಟದ್ದು 1980ರ ದಶಕದ ಮಧ್ಯದಲ್ಲಿ, ಸೌದಿಯಲ್ಲಿ ಸಿಕ್ಕಿದ್ದು 1987ರಲ್ಲಿ. ಅಲ್ಲಿಂದ 1992ರಲ್ಲಿ ಈಜಿಪ್ಟ್, ಆಮೇಲೆ ಸ್ಪೇನ್. ದೇಶದಿಂದ ದೇಶಕ್ಕೆ ಅದು ಹಾರಿಕೊಂಡು ಹೋಗಲಿಲ್ಲ, ಗಿಡಗಳ ಜೊತೆ ಸಾಗಾಣಿಕೆ ಆಯಿತು. 2017ರಲ್ಲಿ ರೋಮ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಒಂದು ಹುಳುವಿಗಾಗಿಯೇ ದೇಶಗಳ ಸಭೆ ಕರೆಯಬೇಕಾಯಿತು. ನಿಮ್ಮ ಸಸಿಗಳು ಲ್ಯಾಬ್‌ನಲ್ಲಿ ಬಾಟಲಿಯೊಳಗೆ ಹುಟ್ಟಿದವು. ಅದರಲ್ಲಿ ಈ ಹುಳು ಬರುವುದಿಲ್ಲ. ಬಂದರೂ ಏಳು ವರ್ಷ ಸುಮ್ನೆ ಕೂರುತ್ತಿರಲಿಲ್ಲ. ನಿಮ್ಮ ತೋಟಕ್ಕೆ ಅದು ಬಹುಶಃ ಪಕ್ಕದ ತೆಂಗಿನಿಂದಲೋ ಹಳ್ಳದ ಈಚಲು ಮರದಿಂದಲೋ ಬಂದಿದೆ. ಈ ಹುಳು ಬೆಳೆದು ದುಂಬಿ ಆದ ಮೇಲೆ ಒಂದು ಕಿಲೋಮೀಟರಿಗೂ ಮಿಕ್ಕಿ ಹಾರುವ ಶಕ್ತಿ ಅದಕ್ಕಿದೆ.

ಹಾಗಾದರೆ ಏಳು ವರ್ಷ ಬರದೇ ಇದ್ದದ್ದು ಈಗ ಯಾಕೆ ಬಂತು? ಉತ್ತರ ನಿಮ್ಮ ಪತ್ರದಲ್ಲೇ ಇದೆ. ಜೂನ್‌ನಲ್ಲಿ ಹಾರೆ ಹಾಕಿ ಮರಿ ಕೀಳಿಸಿದಿರಿ. ಖರ್ಜೂರದಲ್ಲಿ ಈ ಹುಳು ಹೆಚ್ಚಾಗಿ ಹೊಕ್ಕುವುದು ನೆಲದಿಂದ ಒಂದು ಮೀಟರ್ ಎತ್ತರದೊಳಗೆ, ಅದರಲ್ಲೂ ಮರಿ ಗಿಡಗಳು ಅಂಟಿಕೊಂಡಿರುವ ಜಾಗದಲ್ಲಿ. ಮರಿ ಕಿತ್ತ ಗಾಯದಿಂದ ಬರುವ ಹಸಿ ವಾಸನೆ ಅದಕ್ಕೆ ಊಟಕ್ಕೆ ಕರೆದ ಹಾಗೆ. ಮಾವು, ಹುಣಸೆಯಲ್ಲಿ ಗಾಯ ಆದರೆ ತೊಗಟೆ ಬೆಳೆದು ಮುಚ್ಚಿಕೊಳ್ಳುತ್ತೆ. ಖರ್ಜೂರ, ತೆಂಗು, ಅಡಿಕೆಗೆ ಆ ಗುಣ ಇಲ್ಲ. ಅವು ಹುಲ್ಲಿನ ಜಾತಿಗೆ ಹತ್ತಿರ. ಒಮ್ಮೆ ಆದ ಗಾಯ ಒಣಗಬಹುದು, ಮುಚ್ಚಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಅದು ಒಣಗುವುದೂ ತಡ.

ಲೆಕ್ಕ ಹಾಕಿ ನೋಡಿ. ಒಂದು ಹೆಣ್ಣು 200ರಿಂದ 300 ಮೊಟ್ಟೆ ಇಡುತ್ತೆ. ಮೂರು ನಾಲ್ಕು ದಿನಕ್ಕೆ ಒಡೆದು ಹುಳು ಒಳಕ್ಕೆ ಕೊರೆಯಲು ಶುರು. ಒಂದರಿಂದ ಮೂರು ತಿಂಗಳು ತಿಂದು, ನಾರನ್ನೇ ಸುತ್ತಿ ಗೂಡು ಕಟ್ಟಿ, ಎರಡು ಮೂರು ವಾರಕ್ಕೆ ದುಂಬಿ ಆಗಿ ಹೊರಗೆ ಬರುತ್ತೆ. ಮೊಟ್ಟೆಯಿಂದ ದುಂಬಿಯವರೆಗೆ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು. ಜೂನ್‌ನಲ್ಲಿ ಮೊಟ್ಟೆ ಬಿದ್ದಿದ್ದರೆ ಈಗ ಅಕ್ಟೋಬರ್‌ಗೆ ಮೊದಲ ಪೀಳಿಗೆ ಹೊರಗೆ ಬರುವ ಹೊತ್ತು. ನಾಳೆ ಬೆಳಿಗ್ಗೆ ಬುಡದ ಸುತ್ತ, ಗರಿ ಬುಡಗಳ ಸಂದಿಯಲ್ಲಿ ಹುಡುಕಿ. ಬೆರಳುದ್ದದ, ತೆಂಗಿನ ನಾರು ಸುತ್ತಿದ ಹಾಗಿರುವ ಗೂಡುಗಳು ಸಿಗುತ್ತವೆ. ಒಳಗೆ ತುಂಬಿದ್ದರೆ ನೀವು ಸ್ವಲ್ಪ ಬೇಗ ಇದ್ದೀರಿ. ಒಂದು ತುದಿ ತೂತಾಗಿ ಖಾಲಿ ಇದ್ದರೆ ದುಂಬಿಗಳು ಆಗಲೇ ಹಾರಿ ಬೇರೆ ಮರ ಹುಡುಕುತ್ತಿವೆ. ಈ ಒಂದು ವಿಷಯದ ಮೇಲೆ ನಿಮ್ಮ ಮುಂದಿನ ಆತುರ ನಿಂತಿದೆ.

ನಾಲ್ಕು ಮರಗಳಿಗೆ ಬರೋಣ. ನಾಲ್ಕಕ್ಕೂ ಒಂದೇ ತೀರ್ಪು ಕೊಡಬೇಡಿ. ಒಂದೊಂದನ್ನೂ ಬೇರೆ ಬೇರೆ ಪರೀಕ್ಷೆ ಮಾಡಿ. ಅಗಲ ಉಳಿ, ಸುತ್ತಿಗೆ, ಒಂದು ಉದ್ದ ಕಬ್ಬಿಣದ ಸರಳು ಸಾಕು. ಅಂಟು ಸೋರುವ ಕಡೆ ಗರಿ ಬುಡ ತೆಗೆದು, ಕೊಳೆತ ಭಾಗ ಮಾತ್ರ ಕೆರೆಯಿರಿ. ಬಿಳಿ, ಗಟ್ಟಿ ನಾರು ಸಿಕ್ಕಿದ ಕೂಡಲೇ ಉಳಿ ನಿಲ್ಲಿಸಿ, ಅತಿ ಉತ್ಸಾಹದಲ್ಲಿ ಮರ ಕೆತ್ತಬೇಡಿ. ಸಿಕ್ಕಿದ ಹುಳು, ಗೂಡು ಎಲ್ಲ ಒಂದು ಬಕೆಟ್ ಸೋಪಿನ ನೀರಿಗೆ ಹಾಕಿ. ಆಮೇಲೆ ಸರಳು ಹಾಕಿ ಪೊಳ್ಳು ಎಷ್ಟು ಆಳ, ಯಾವ ಕಡೆಗೆ ಅಂತ ನೋಡಿ. ಕೊನೆಗೆ ಸುಳಿಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿಯಾಗಿದ್ದರೆ ಮರ ಬದುಕಿದೆ. ಕೊಳೆತ ವಾಸನೆಯ ಜೊತೆ ಸುಳಿ ಕೈಗೆ ಬಂದರೆ ಆ ಮರ ಮುಗಿಯಿತು. ಖರ್ಜೂರಕ್ಕೆ ಕಾಂಡಕ್ಕೆ ಒಂದೇ ಸುಳಿ, ಅದು ಹೋದರೆ ಆ ಕಾಂಡದಲ್ಲಿ ಇನ್ನೊಂದು ಚಿಗುರು ಬರುವುದಿಲ್ಲ.

ನೀವು ಬರೆದದ್ದನ್ನು ನೋಡಿದರೆ ಅಂಟು ಮಾತ್ರ ಇರುವ ಮೂರು ಮರ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಇದರಲ್ಲಿ ಒಂದು ಸಮಾಧಾನದ ವಿಷಯ ಇದೆ. ಖರ್ಜೂರದ ಕಾಂಡದಲ್ಲಿ ನೀರು, ಆಹಾರ ಸಾಗುವ ನಾಳಗಳು ಮಾವಿನಂತೆ ತೊಗಟೆ ಕೆಳಗೆ ಮಾತ್ರ ಇಲ್ಲ, ಇಡೀ ಕಾಂಡದಲ್ಲಿ ಹರಡಿವೆ. ಒಂದು ಪಕ್ಕ ತಿಂದುಹೋದರೂ ಇನ್ನೊಂದು ಪಕ್ಕದಿಂದ ಮರ ಬದುಕುತ್ತೆ. ಗರಿ ಒಣಗಿದ ನಾಲ್ಕನೆಯ ಮರ ಮಾತ್ರ ಅನುಮಾನ. ಸರಳು ಕಾಂಡದ ಅರ್ಧಕ್ಕಿಂತ ಜಾಸ್ತಿ ಒಳಗೆ ಹೋಗಿ, ಸುತ್ತಲೂ ಪೊಳ್ಳು ಅನಿಸಿದರೆ ನಾನಾದರೆ ಆ ಮರ ತೆಗೆಸುತ್ತೇನೆ. ಔಷಧಿಯಿಂದ ಹುಳು ಸಾಯಬಹುದು, ಗಾಳಿಗೆ ಮರ ಮುರಿದು ಬೀಳುವುದನ್ನು ಔಷಧಿ ತಡೆಯಲ್ಲ. ಕೆಳಗೆ ಕೆಲಸದವರು ಇರುತ್ತಾರೆ.

ಉಳಿಸುವ ಮರಗಳಿಗೆ ಔಷಧಿ ಕಾಂಡದೊಳಗೆ ಹೋಗಬೇಕು. ಅಂಗಡಿಯವರು ಸುಳಿಗೆ ಹೊಡೆಯಲು ಕೊಟ್ಟದ್ದು ಬುಡದೊಳಗಿನ ಹುಳುವಿಗೆ ತಲುಪುವುದೇ ಇಲ್ಲ, ಅದನ್ನು ವಾಪಸ್ ಕೊಡಿ. ತೆಂಗಿನ ಮೂತಿ ಹುಳುವಿಗೆ ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಶಿಫಾರಸು ಮಾಡುವುದು ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ಅನ್ನುವ ಕೀಟನಾಶಕ, ಲೀಟರ್ ನೀರಿಗೆ 1 ಮಿ.ಲೀ. ನಾನು ಖರ್ಜೂರದಲ್ಲಿ ಅದೇ ದ್ರಾವಣ ಬಳಸುತ್ತೇನೆ. ಕೆರೆದ ಜಾಗದ ಸ್ವಲ್ಪ ಮೇಲೆ ಡ್ರಿಲ್‌ನಿಂದ ಇಳಿಜಾರಾಗಿ ನಾಲ್ಕೈದು ತೂತು, ಒಂದು ಗೇಣು ಆಳ. ಒಳಗಿನ ಸುರಂಗಕ್ಕೆ ಸೇರುವ ಹಾಗೆ ನಿಧಾನಕ್ಕೆ ತುಂಬಿಸಿ, ಜೇಡಿಮಣ್ಣಿನಿಂದ ಮುಚ್ಚುವುದು. ಹದಿನೈದು ದಿನ ಬಿಟ್ಟು ಮತ್ತೆ ಕಿವಿ ಇಟ್ಟು ಕೇಳಿ, ಹೊಸ ಅಂಟು ಇದೆಯಾ ನೋಡಿ. ಇದ್ದರೆ ಇನ್ನೊಂದು ಸಲ. ಇದರಲ್ಲೂ ಕಷ್ಟ ಇದೆ. ನೀವು ಹಾಕುವ ತೂತೂ ಒಂದು ಗಾಯವೇ, ಅದೂ ಮುಚ್ಚಿಕೊಳ್ಳುವುದಿಲ್ಲ. ಅದಕ್ಕೇ ರೋಗ ಇಲ್ಲದ ಮರಕ್ಕೆ ಮುನ್ನೆಚ್ಚರಿಕೆ ಅಂತ ಡ್ರಿಲ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕೈಗವಸು, ಮಾಸ್ಕ್ ಇಲ್ಲದೆ ಔಷಧಿ ಕಲಸಬೇಡಿ. ಕೊಳ್ಳುವ ಮುಂಚೆ ನಿಮ್ಮ ಕೃಷಿ ವಿಜ್ಞಾನ ಕೇಂದ್ರದವರಿಗೆ ಒಂದು ಸಲ ಮರ ತೋರಿಸಿ. ಕಣ್ಣಲ್ಲಿ ನೋಡಿದವರ ಮಾತಿಗೆ ನನ್ನ ಬರಹಕ್ಕಿಂತ ತೂಕ ಜಾಸ್ತಿ.

ಹಣ್ಣಿನ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಒಮ್ಮೆ ಔಷಧಿ ಹಾಕಿದ ಮರ ಶಾಶ್ವತವಾಗಿ ವಿಷ ಅನ್ನುವುದು ತಪ್ಪು. ಏನೂ ಆಗಲ್ಲ ಅನ್ನುವುದೂ ತಪ್ಪು. ಈ ಔಷಧಿ ಮರದ ರಸದ ಜೊತೆ ಓಡಾಡುತ್ತೆ, ಹಣ್ಣಿಗೂ ಹೋಗಬಹುದು. ಬರ್ಹಿಯನ್ನು ನಾವು ಒಣಗಿಸಿ ತಿನ್ನುವುದಿಲ್ಲ, ಹಳದಿ ಇರುವಾಗಲೇ ಹಸಿಯಾಗಿ ತಿನ್ನುತ್ತೇವೆ. ಮಕ್ಕಳಂತೂ ಮರದ ಕೆಳಗೇ ನಿಂತು ಬಾಯಿಗೆ ಹಾಕಿಕೊಳ್ಳುತ್ತವೆ. ನಿಮ್ಮ ಅದೃಷ್ಟಕ್ಕೆ ಈಗ ಕೊಯ್ಲು ಮುಗಿದಿದೆ, ಹೂಗೊನೆ ಬರಲು ಇನ್ನೂ ತಿಂಗಳುಗಳಿವೆ. ಮಾಡುವುದನ್ನು ಈಗಲೇ ಮಾಡಿ ಮುಗಿಸಿ. ಹೂವು ಬಿಟ್ಟ ಮೇಲಿಂದ ಕೊಯ್ಲಿನ ತನಕ ಕಾಂಡಕ್ಕೆ ಔಷಧಿ ಬೇಡ. ಹಾಕಲೇಬೇಕಾದ ಪ್ರಸಂಗ ಬಂದರೆ ಆ ಮರದ ಗೊನೆಗಳನ್ನು ಆ ವರ್ಷ ಕಡಿದು ಹಾಕಿ.

ಮಾತ್ರೆ ವಿಷಯ. ಅದು ಅಲ್ಯೂಮಿನಿಯಂ ಫಾಸ್ಫೈಡ್. ತೇವ ತಾಗಿದ ಕೂಡಲೇ ಫಾಸ್ಫೀನ್ ಅನಿಲ ಬಿಡುತ್ತೆ. ಸೋರುವ ಮರದ ಬುಡಕ್ಕಿಂತ ತೇವದ ಜಾಗ ಇನ್ನೊಂದಿಲ್ಲ. ಆ ಅನಿಲ ಮನುಷ್ಯರ ಮೈಯೊಳಗೆ ಹೋದರೆ ಮದ್ದೇ ಇಲ್ಲ. ಗಲ್ಫ್‌ನ ಕೆಲವು ಕಡೆ ಕಲಿತ ತಂಡಗಳು ಕಾಂಡಕ್ಕೆ ಪ್ಲಾಸ್ಟಿಕ್ ಬಿಗಿದು ಇದನ್ನು ಬಳಸಿರುವುದು ನಿಜ. ನಮ್ಮಲ್ಲಿ ಸರ್ಕಾರಿ ತಜ್ಞರ ಅಥವಾ ಪರವಾನಗಿ ಇರುವ ಕೀಟ ನಿಯಂತ್ರಕರ ಮೇಲ್ವಿಚಾರಣೆ ಇಲ್ಲದೆ ಅದನ್ನು ಬಳಸುವ ಹಾಗಿಲ್ಲ. ಮನೆಯಲ್ಲಿ ತಂದಿಟ್ಟಿದ್ದರೆ ಮೊದಲು ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ವಾಪಸ್ ಕೊಡುವ ದಾರಿ ನೋಡಿ. ಹಾಗೆಯೇ ಹಳೆಯ ತೆಂಗಿನ ಪುಸ್ತಕಗಳಲ್ಲಿ ಇರುವ ಫೋರೇಟ್, ಮೊನೊಕ್ರೊಟೊಫಾಸ್ ಹೆಸರು ಯಾರಾದರೂ ಹೇಳಿದರೆ ಕೇಳಬೇಡಿ. ಫೋರೇಟ್ 2020ರ ಕೊನೆಗೇ ನಿಷೇಧ ಆಗಿದೆ, ಮೊನೊಕ್ರೊಟೊಫಾಸ್ 36 ಎಸ್‌ಎಲ್ ನಿಷೇಧಕ್ಕೆ 2023ರಲ್ಲಿ ಆದೇಶ ಆಗಿದೆ. ಉಪ್ಪು, ಸೀಮೆಎಣ್ಣೆ, ಫಿನೈಲ್ ಸುರಿಯುವುದರಿಂದ ಬೇರು ಸುಡುತ್ತೆ, ಹುಳುವಿಗೆ ಗೊತ್ತೂ ಆಗಲ್ಲ.

ಸಿಮೆಂಟ್ ಬೇಡ ಅನ್ನಲು ಕಾರಣ ಸರಳ. ಅದು ನಾರಿಗೆ ಅಂಟಿಕೊಳ್ಳುವುದಿಲ್ಲ, ಸಂದಿಯಲ್ಲಿ ನೀರು ನಿಲ್ಲುತ್ತೆ, ಒಳಗೆ ಏನಾಗುತ್ತಿದೆ ಅಂತ ನಿಮ್ಮ ಕಣ್ಣಿಗೆ ಮುಚ್ಚಿಹೋಗುತ್ತೆ. ಚಿಕಿತ್ಸೆ ಆದ ಮೇಲೆ ಒಂದು ತಿಂಗಳು ಉಳಿಯಿಂದ ಕೆರೆದ ಗಾಯ ತೆರೆದಿಟ್ಟು ನೋಡಿ. ಹೊಸ ಅಂಟು, ನಾರು ಇಲ್ಲ ಅಂತ ಖಾತ್ರಿ ಆದ ಮೇಲೆ ಪೊಳ್ಳಿಗೆ ಮಣ್ಣು ತುಂಬಿ, ಬುಡಕ್ಕೆ ಮಣ್ಣು ಏರಿಸಿ. ಖರ್ಜೂರ ಆ ಮಣ್ಣಿಗೆ ಹೊಸ ಬೇರು ಬಿಡುತ್ತೆ, ಮರಕ್ಕೆ ಮತ್ತೆ ಹಿಡಿತ ಸಿಗುತ್ತೆ. ಹೀಗೆ ಉಳಿದ ಮರಗಳು ಗೊನೆ ಹೊತ್ತು ನಿಂತಿರುವುದನ್ನು ನೋಡಿದಾಗ ನನಗೆ ಆಗುವ ಸಂತೋಷ ಹೇಳತೀರದು.

ನಾಲ್ಕನೆಯ ಮರ ಕಡಿಯಲೇಬೇಕಾದರೆ ಕಡಿಯುವ ರೀತಿ ಮುಖ್ಯ. ಹಸಿ ಕಾಂಡಕ್ಕೆ ಬೆಂಕಿ ಇಟ್ಟರೆ ಹೊರಗೆ ಕಪ್ಪಾಗುತ್ತೆ, ಒಳಗಿನ ಹುಳು ಆರಾಮಾಗಿ ಇರುತ್ತೆ. ಕಡಿದು ಬದುವಿಗೆ ಎಸೆದರಂತೂ ಅಲ್ಲಿಂದಲೇ ಹತ್ತಾರು ದುಂಬಿ ಹಾರುತ್ತವೆ. ಒಂದೊಂದು ಅಡಿಗೆ ತುಂಡು ಮಾಡಿ, ಉದ್ದಕ್ಕೆ ಸೀಳಿ, ಸಿಕ್ಕಿದ್ದನ್ನೆಲ್ಲ ಆರಿಸಿ ಕೊಂದು, ಸೀಳು ಒಣಗಿದಂತೆ ಪೂರ್ತಿ ಸುಡಿ ಅಥವಾ ಆಳವಾದ ಗುಂಡಿಯಲ್ಲಿ ಹೂಳಿ. ಬೇರಿನ ಬುಡವನ್ನೂ ಅಗೆದು ತೆಗೆಯಿರಿ. ಎಲ್ಲ ಒಂದೇ ದಿನ ಶುರು ಮಾಡಿ, ತುಂಡುಗಳನ್ನು ವಾರಗಟ್ಟಲೆ ಬಿಡಬೇಡಿ.

ಇನ್ನು ಉಳಿದ 176 ಮರಗಳು. ಇಲ್ಲಿ ಔಷಧಿಗಿಂತ ನಿಮ್ಮ ಕಣ್ಣು, ಕೈ ಕೆಲಸ ಮಾಡುತ್ತವೆ. ಹದಿನೈದು ದಿನಕ್ಕೊಮ್ಮೆ ಒಬ್ಬರು ಪ್ರತಿ ಮರದ ಬುಡ ಸುತ್ತಬೇಕು. ತಲೆ ಎತ್ತಿ ಸುಳಿ ನೋಡುವುದಲ್ಲ, ಬಗ್ಗಿ ಬುಡ ನೋಡುವುದು. ಸುಳಿ ಬಾಡುವ ಹೊತ್ತಿಗೆ ಕಾಲ ಮೀರಿರುತ್ತೆ. ಒದ್ದೆ ಕಲೆ, ಜಗಿದ ನಾರು, ಸುಮ್ಮನೆ ಒಣಗಿದ ಮರಿ ಗಿಡ ಕಂಡರೆ ಆ ಮರಕ್ಕೆ ಬಣ್ಣದ ಪಟ್ಟಿ ಕಟ್ಟಿ. ನೀರು ಕಾಂಡಕ್ಕೆ ತಾಗಿ ನಿಲ್ಲದ ಹಾಗೆ ಡ್ರಿಪ್ ಪೈಪನ್ನು ಬುಡದಿಂದ ದೂರ ಸರಿಸಿ. ಬುಡ ಒಣಗಿದ್ದಷ್ಟೂ ಒಳ್ಳೆಯದು. ಮರಿ ಕೀಳುವುದು, ಗರಿ ಸವರುವುದು ಇನ್ನು ಮೇಲೆ ಮಳೆಗಾಲದಲ್ಲಿ ಬೇಡ, ಚಳಿಯ ಒಣ ದಿನಗಳಲ್ಲಿ ಮಾಡಿ. ಗರಿಯನ್ನು ಕಾಂಡಕ್ಕೆ ಹತ್ತಿ ಕಡಿಯದೆ ಗರಿ ಬುಡ ಉಳಿಸಿ ಕಡಿಯಿರಿ. ಗಾಯಕ್ಕೆ ಅದೇ ದಿನ, ಕೆಲಸದವರು ಊಟಕ್ಕೆ ಹೋಗುವ ಮುಂಚೆಯೇ, ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಬಳಿದು, ಕಿತ್ತ ಜಾಗಕ್ಕೆ ಮಣ್ಣು ಮುಚ್ಚಿ.

ವಾಸನೆಯಿಂದ ದುಂಬಿಗಳನ್ನು ಸೆಳೆದು ಹಿಡಿಯುವ ಮೋಹಕ ಬಲೆ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಗಂಡು ದುಂಬಿ ಬಿಡುವ ವಾಸನೆಯನ್ನು 1993ರಲ್ಲಿ ಗುರುತಿಸಿದರು, ಅದೇ ಈಗ ಲೂರ್ ಆಗಿ ಸಿಗುತ್ತೆ. ಕಿಟಕಿ ಕೊರೆದ ಬಕೆಟ್, ಹೊರಗೆ ಹತ್ತಲು ಗೋಣಿಚೀಲ, ಒಳಗೆ ನೀರು, ಒಂದಿಷ್ಟು ಕಬ್ಬಿನ ತುಂಡು ಅಥವಾ ಬಿದ್ದ ಖರ್ಜೂರ, ಮೇಲೆ ಲೂರ್. ಗಂಡೂ ಬರುತ್ತೆ, ಹೆಣ್ಣೂ ಬರುತ್ತೆ, ಹೆಣ್ಣೇ ಜಾಸ್ತಿ ಬೀಳುತ್ತವೆ. ಮೂತಿಯ ಮೇಲೆ ಬ್ರಷ್‌ನ ಹಾಗೆ ಕೂದಲಿದ್ದರೆ ಗಂಡು, ನುಣ್ಣಗಿದ್ದರೆ ಹೆಣ್ಣು. ಬಲೆ ಇಟ್ಟರೆ ಹುಳುವನ್ನು ನಾವೇ ಕರೆದ ಹಾಗಲ್ವಾ ಅನ್ನುವ ರೈತರ ಭಯದಲ್ಲಿ ಅರ್ಧ ಸತ್ಯ ಇದೆ. ನೀರು ಬತ್ತಿ ಕಬ್ಬು ಒಣಗಿದ ಬಲೆ ಹುಳುವನ್ನು ಕರೆಯುತ್ತೆ, ಹಿಡಿಯಲ್ಲ. ವಾರಕ್ಕೊಮ್ಮೆ ನೀರು, ಕಬ್ಬು ಬದಲಿಸುವ ಪುರುಸೊತ್ತು ಇದ್ದರೆ ಮಾತ್ರ ಇಡಿ. ನಿಮ್ಮ ಮೂರು ಎಕರೆಗೆ ಎರಡು ಬಲೆ ಸಾಕು. ತೆಂಗಿನ ಕಡೆಯ ಬದುವಿನಲ್ಲಿ, ನೆರಳಲ್ಲಿ, ಖರ್ಜೂರದ ಸಾಲಿನಿಂದ ದೂರ ಇಡಿ. ಆ ಹಳೇ ತೆಂಗಿನ ತೋಟವನ್ನೂ ಒಮ್ಮೆ ಸುತ್ತಿ ಬನ್ನಿ. ತಲೆ ಹೋದ ತೆಂಗಿನ ಮರ ನಿಂತಿದ್ದರೆ ಹುಳುವಿನ ಕಾರ್ಖಾನೆ ಅದೇ ಆಗಿರಬಹುದು.

ಕುರುವಾಯಿಗೆ ತೆಂಗಿನಲ್ಲಿ ಮಾಡುವುದನ್ನೇ ಇಲ್ಲೂ ಮಾಡಿ. ಪುಡಿ ಮಾಡಿದ ಬೇವಿನ ಹಿಂಡಿ 250 ಗ್ರಾಂ, ಅಷ್ಟೇ ಮರಳು ಬೆರೆಸಿ ಸುಳಿಯ ಸುತ್ತಿನ ಮೂರು ಗರಿಗಳ ಕಂಕುಳಿಗೆ ತುಂಬಿ, ವರ್ಷಕ್ಕೆ ಮೂರು ಸಲ. ಖರ್ಜೂರದ ಮುಳ್ಳು ಕಣ್ಣಿಗೆ ಅಪಾಯ, ಕನ್ನಡಕ ಹಾಕಿ ಹತ್ತಿಸಿ. ತೋಟದ ಒಳಗೆ ತಿಪ್ಪೆ ಇದ್ದರೆ ಹೊರಗೆ ಸಾಗಿಸಿ, ಕುರುವಾಯಿಯ ಗೊಣ್ಣೆಹುಳುವಿಗೆ ರೋಗ ತಂದು ಕೊಲ್ಲುವ ಮೆಟರೈಜಿಯಂ ಶಿಲೀಂಧ್ರ ಬೆರೆಸಿ.

ಕೊನೆಗೆ ಆ 60 ಮರಿ ಗಿಡಗಳು. ಜೂನ್‌ನಲ್ಲಿ ಕಿತ್ತು, ಹಸಿ ಗಾಯದ ಜೊತೆಯೇ ಭಾಮೈದನ ತೋಟಕ್ಕೆ ಹೋಗಿವೆ. ಈ ಹುಳು ಸಮುದ್ರ ದಾಟಿದ್ದೂ ಇಂಥ ಗಿಡಗಳಲ್ಲೇ. ಅವರಿಗೆ ಇವತ್ತೇ ಫೋನ್ ಮಾಡಿ. ಚಿಗುರು ನಿಂತಿರುವ, ಸುಳಿ ಬಾಡಿರುವ, ಬುಡ ಒತ್ತಿದರೆ ಮೆತ್ತಗಾಗುವ ಮರಿಗಳನ್ನು ಬೇರು ಸಮೇತ ಕಿತ್ತು, ಸೀಳಿ ನೋಡಿ, ಸುಡಲು ಹೇಳಿ. ಚೆನ್ನಾಗಿ ಕಾಣುವ ಮರಿಗಳನ್ನೂ ಬುಡದ ಮಣ್ಣು ಸರಿಸಿ, ಕಿತ್ತ ಕಡೆಯ ಗಾಯ ಪರೀಕ್ಷೆ ಮಾಡಲಿ. ಅವರು ಅದರಲ್ಲಿ ಯಾರಿಗಾದರೂ ಒಂದೆರಡು ಕೊಟ್ಟಿದ್ದರೆ ಅದನ್ನೂ ಕೇಳಿ ತಿಳಿದುಕೊಳ್ಳಿ. ಆಮೇಲೆ ಉಳಿ, ಸುತ್ತಿಗೆ ಹಿಡಿದು ನಿಮ್ಮ ನಾಲ್ಕು ಮರದ ಹತ್ತಿರ ಹೋಗಿ.